ತಿಪ್ಪೆ ಅಂತ ಹೆಸರಿಟ್ಟ ಫೋಲ್ಡರು

...ಅಲ್ಲಲ್ಲ, ಅದ್ರ ಮೇಲೆ ಕೂರ್ಬೇಡಿ ಬಾತ್ಮಾ ಎಜೆ, ಅದು ಸ್ಟೂಲಲ್ಲ, ಶಾಲೆಯವ್ರ ಪ್ರಿಂಟರು. ಧೂಳು ಕೂರ್ದಿರ್ಲಿ ಅಂತ ಬಟ್ಟೆ ಹೊದ್ಸಿದೀನಿ. ಈ ಕಡೆ ಬನ್ನಿ, ಒಲೆ ಪಕ್ಕ. ಈ ಕಬ್ಬಿಣದ ಡಬ್ಬದಂಗಡೀಲಿ ಬೆಚ್ಚಗಿರೋ ಜಾಗ ಅಂದ್ರೆ ಅದೊಂದೇ. ಹಾಂ, ಹಂಗೆ. ಕಾಲು ಚಾಚ್ಕೊಳ್ಳಿ. ಇಲ್ಲ, ಸ್ಕ್ರೀನು ನನ್ನ ಕಡೆಗೇ ಇರ್ಲಿ. ತಿರುಗ್ಸಿದ್ರೆ ವೈರು ಕಿತ್ತು ಬರುತ್ತೆ. ಹಳೇ ವೈರು.

ಏನಂದ್ರಿ? ಸಿಗುತ್ತೆ, ಸಿಗುತ್ತೆ. ಬೆಳಿಗ್ಗೆಯಿಂದ ಫೋನಲ್ಲೂ ಸಿಗುತ್ತೆ ಅಂತಾನೇ ಹೇಳ್ತಿದೀನಿ, ಗೊತ್ತು. ನಾಲ್ಕು ಗಂಟೆ ವ್ಯಾನಲ್ಲಿ ಸೊಸೆ ಇಳೀತಾಳೆ, ಅದೂ ಗೊತ್ತು. ಎರಡೂವರೆ ವರ್ಷ ಮಾಸ್ಕೋದಲ್ಲಿ ನೆಲ ಒರೆಸಿ ಬರ್ತಿದಾಳೆ ನಾಸಿಪ್, ಬಂದ ತಕ್ಷಣ ಅವಳ ಮಗಳ ವೀಡಿಯೋ ಎಲ್ಲ ಕೂರ್ಸಿ ತೋರಿಸ್ತೀನಿ ಅಂತ ನೀವು ಮಾತು ಕೊಟ್ಟಿದೀರಿ, ಇಡೀ ನರೀನ್ ಬಜಾರಿಗೆ ಗೊತ್ತು. ಮಾಂಸದಂಗಡಿ ಹತ್ರ ನೀವೇ ತಾನೆ ಹೇಳ್ಕೊಂಡ್ ಬಂದಿದ್ದು. ಈಗಿನ್ನೂ ಮೂರು ಗಂಟೆ. ತುಂಬಾ ಟೈಮಿದೆ. ಅಂದ್ರೆ... ಇದೆ.

ಹುಡುಕ್ತಾ ಇದೆ ಅಂದ್ನಲ್ಲ. ಕಳೆದಿಲ್ಲ ಎಜೆ, ನನ್ನ ದೊಡ್ಡಕ್ಕಾ, ಕಾಣ್ತಿಲ್ಲ ಅಷ್ಟೇ. ಕಳೆದು ಹೋಗೋದು ಬೇರೆ, ಕಾಣದೆ ಇರೋದು ಬೇರೆ. ನಮ್ಮಜ್ಜಿ ದಿನಕ್ಕೆ ನಾಲ್ಕು ಸಲ ಕನ್ನಡಕ ಹುಡುಕ್ತಿದ್ಲು, ನಾಲ್ಕೂ ಸಲ ಅದು ಅವಳ ತಲೆ ಮೇಲೇ ಇರ್ತಿತ್ತು. ಹಂಗೆ.

ನಿಮಗೆ ಅರ್ಥ ಆಗಲ್ಲ ಅಂತ ಯಾರಂದ್ರು? ಆಗುತ್ತೆ. ಬಿಷ್ಕೆಕ್ ಕಾಲೇಜಲ್ಲಿ ನಂಗೆ ಪಾಠ ಮಾಡ್ತಿದ್ದೋರಿಗೇ ಅರ್ಥ ಆಗಿರ್ಲಿಲ್ಲ, ಅದಕ್ಕೇ ಎರಡು ವರ್ಷಕ್ಕೆ ಬಿಟ್ಟು ಬಂದೆ. ನೀವು ಅವ್ರಿಗಿಂತ ಚುರುಕು. ಕೇಳಿ. ಹೋದ ಶನಿವಾರ ಈ ಕಂಪ್ಯೂಟರ್ ಡಬ್ಬ ಹೊತ್ಕೊಂಡು ಬಂದು ಏನಂದ್ರಿ? ಇದಕ್ಕೆ ಮೆಮೊರಿ ತುಂಬಿ ಬುದ್ಧಿ ಮಂದ ಆಗಿದೆ, ಸ್ವಲ್ಪ ಚುರುಕು ಮಾಡು ಮಗಾ ಅಂದ್ರಿ. ಎಲ್ಲಾರೂ ಹಂಗೇ ಅಂತಾರೆ. ಆದ್ರೆ ಮೆಮೊರಿ ಅನ್ನೋದು ಒಂದಲ್ಲ, ಎರಡು.

ನೀವು ಊಟದ ಹೊತ್ತಿಗೆ ನೆಲಕ್ಕೆ ಬಟ್ಟೆ ಹಾಸ್ತೀರಲ್ಲ, ದಸ್ತರ್‌ಖಾನು? ರೊಟ್ಟಿ, ಬೆಣ್ಣೆ, ಜಾಮು, ಚಹಾ ಬಟ್ಟಲು, ಎಲ್ಲ ಅದ್ರ ಮೇಲೆ, ಎಲ್ಲ ಕೈಗೆಟುಕೋ ಹಾಗೆ. ಅದೇ ರ‍್ಯಾಮು. ಕಂಪ್ಯೂಟರು ಈಗ ಏನು ಕೆಲ್ಸ ಮಾಡ್ತಿದೆಯೋ ಅದೆಲ್ಲ ಅಲ್ಲಿ ಹರಡ್ಕೊಂಡು ಕೂತಿರುತ್ತೆ. ಊಟ ಮುಗೀತು, ಬಟ್ಟೆ ಕೊಡವಿ ಮಡಚಿದ್ರಿ, ಏನೂ ಇಲ್ಲ. ಕರೆಂಟು ಹೋದ್ರೆ ರ‍್ಯಾಮಿನ ಗತಿ ಅದೇ. ಇನ್ನು ಗೋಡೆ ಪಕ್ಕ ಪೆಟ್ಟಿಗೆ ಮೇಲೆ ಛಾವಣಿ ಮುಟ್ಟೋ ಹಾಗೆ ಕೌದಿ ಒಟ್ಟಿರ್ತೀರಲ್ಲ, ಅದು ಹಾರ್ಡ್ ಡಿಸ್ಕು. ಕರೆಂಟು ಹೋದ್ರೂ ಕೌದಿ ಎಲ್ಲೂ ಹೋಗಲ್ಲ. ವರ್ಷಗಟ್ಲೆ ಇರುತ್ತೆ. ಆದ್ರೆ ಕೆಳಗಿಂದು ಬೇಕಂದ್ರೆ ಮೇಲಿಂದೆಲ್ಲ ಎತ್ತಿಡ್ಬೇಕು, ಅದಕ್ಕೇ ನಿಧಾನ.

ನಿಮ್ಮ ಕಂಪ್ಯೂಟರಿನ ದಸ್ತರ್‌ಖಾನು ಕರವಸ್ತ್ರದಷ್ಟಿದೆ ಎಜೆ. ಅದಕ್ಕೇ ಅದು ಮಂದ. ಕೌದಿ ಜಾಸ್ತಿ ಆಗಿದ್ದಕ್ಕೆ ಮಂದ ಅಲ್ಲ.

ಹೂಂ?

ಹಂಗಾದ್ರೆ ಕೌದಿ ಯಾಕೆ ಮುಟ್ಟಿದೆ ಅಂತೀರಾ... ಮುಟ್ಟಿದೆ ಅಂತ ಯಾರಂದ್ರು ಈಗ? ನಾನಂದ್ನಾ? ಬಟ್ಟಲು ಕೊಡಿ, ಚಹಾ ಹಾಕ್ತೀನಿ. ಅರ್ಧ ಸಾಕಾ? ಅರ್ಧವೇ ಹಾಕ್ತೀನಿ, ತುಂಬಿಸಿದ್ರೆ ಎದ್ದು ಹೋಗು ಅಂದಂಗೆ ಅಂತೀರಿ ಆಮೇಲೆ. ನಿಮ್ಮ ಕೈಯೆಲ್ಲ ಬೋರ್ಸೋಕ್ ಹಿಟ್ಟು ಕರಿದ ಎಣ್ಣೆ ವಾಸನೆ. ಬಾಣಲೆ ಹಂಗೇ ಬಿಟ್ಟು ಬಂದ್ರಾ? ಮಗು ಯಾರತ್ರ ಇದೆ? ಪಕ್ಕದ ಮನೆ ಟೀಚರಮ್ಮ. ಒಳ್ಳೇದಾಯ್ತು.

...ಬಿಡಿ, ಬಡ್ಕೊಳ್ಲಿ ಫೋನು. ಯಾರೋ. ಗಿರಾಕಿ.

ಎಲ್ಲಿದ್ವಿ? ಹಾಂ, ಯಾಕಿಷ್ಟು ಹೊತ್ತು ಅಂತ. ಹೊತ್ತಾಗುತ್ತೆ ಎಜೆ, ಯಾಕಂದ್ರೆ ಒಳಗಿರೋದು ಕೌದಿನೂ ಅಲ್ಲ, ಕುರಿ. ಯಾಕೆ ನಗ್ತೀರಾ? ನಿಜವಾಗ್ಲೂ. ಬಿಟ್ ಅಂತ ಒಂದಿದೆ. ಬಿಟ್ ಅಂದ್ರೆ ಒಂದೇ ಒಂದು ಕುರಿ. ಅದು ಬಿಳಿ ಇರ್ಬಹುದು, ಇಲ್ಲ ಕಪ್ಪು ಇರ್ಬಹುದು, ಮೂರನೇ ಬಣ್ಣ ಇಲ್ಲ. ಅಂಥ ಎಂಟು ಕುರಿ ಸಾಲಾಗಿ ನಿಂತ್ರೆ ಒಂದು ಬೈಟು. ಬಿಳಿ, ಕಪ್ಪು, ಕಪ್ಪು, ಬಿಳಿ, ಹಿಂಗೆ. ಆ ಸಾಲೇ ಒಂದಕ್ಷರ. ಒಂದು ಕುರಿ ಬಣ್ಣ ಬದಲಾಯ್ತು ಅಂದ್ರೆ ಅಕ್ಷರವೇ ಬೇರೆ. ಇಂಗ್ಲಿಷಿನವ್ರ ಅಕ್ಷರಕ್ಕೆ ಎಂಟು ಕುರಿ ಸಾಕು, ನಮ್ಮ ಕಿರ್ಗಿಜ್ ಅಕ್ಷರಕ್ಕೆ ಹದಿನಾರು ಬೇಕು. ಹೂಂ, ಬಡವರಿಗೇ ಕುರಿ ಜಾಸ್ತಿ ಖರ್ಚು, ಅಲ್ಲೂ ಅಷ್ಟೇ.

ಸಾವಿರದ ಇಪ್ಪತ್ನಾಲ್ಕು ಬೈಟು ಸೇರಿದ್ರೆ ಒಂದು ಕಿಲೋಬೈಟು. ಸಾವಿರ ಅಲ್ಲ, ಸಾವಿರದ ಇಪ್ಪತ್ನಾಲ್ಕು. ಯಾಕೆ ಅಂತ ಕೇಳ್ಬೇಡಿ, ಅವ್ರಿಗೆ ಎರಡೆರಡರ ಲೆಕ್ಕ ಇಷ್ಟ. ಅಂಥ ಸಾವಿರ ಚಿಲ್ರೆ ಕಿಲೋ ಸೇರಿದ್ರೆ ಮೆಗಾ. ಸಾವಿರ ಚಿಲ್ರೆ ಮೆಗಾ ಸೇರಿದ್ರೆ ಗಿಗಾ. ನಿಮ್ಮ ಮೊಮ್ಮಗಳು ಕುಚುಕ್ ಒಂದೇ ಒಂದು ನಿಮಿಷ ನಕ್ಕಿದ್ದನ್ನ ಫೋನಲ್ಲಿ ತೆಗೆದ್ರೆ ಎಷ್ಟು ಕುರಿ ಗೊತ್ತಾ? ಎಂಬತ್ತು ಕೋಟಿ. ಹಾಂ, ನಗಿ, ನಗಿ. ಇಡೀ ದೇಶದ ಹುಲ್ಲು ಸಾಲಲ್ಲ. ಎಂಬತ್ತು ಕೋಟಿ ಕುರೀನ ಒಂದೊಂದಾಗಿ ತಲೆ ಎಣಿಸಿ ತರ್ಬೇಕಂದ್ರೆ ಹೊತ್ತಾಗಲ್ವಾ? ನಿಮ್ಮ ಫೋಲ್ಡರಲ್ಲಿ ಆರಾರು ನಿಮಿಷದ ಅರವತ್ತೊಂದು ವೀಡಿಯೋ ಇತ್ತು. ಮೂವತ್ತೆಂಟು ಗಿಗಾ.

ಇದೆ. ಇದೆ ಅಂದೆ. ಇತ್ತು ಅಂದ್ನಾ? ಬಾಯಿ ತಪ್ತು.

ಸ್ವಲ್ಪ ಇರಿ, ಈ ಕಿಟಕಿ... ಗಾಳಿ ಬರ್ತಿದೆ. ಅಲ್ಲ, ನಾನು ಕೂತೇ ಇದೀನಿ. ಇದೇ ನಾನು ಕೂರೋ ರೀತಿ. ಮೇಷ್ಟ್ರುಗಳೂ ಅಂತಿದ್ರು, ಇವನ ಬೆಂಚಿನ ಕೆಳಗೆ ಕೆಂಡ ಇದೆ ಅಂತ.

ಫೈಲು ಅಂದ್ರೆ ಏನು ಅಂದ್ರಾ? ಒಂದು ವೀಡಿಯೋ ಅಂದ್ರೆ ಒಂದು ಫೈಲು. ಬೇಸಿಗೇಲಿ ಬೆಟ್ಟದ ಮೇಲೆ ಹುಲ್ಲುಗಾವಲಿಗೆ ಹೋಗ್ತೀರಲ್ಲ, ಒಂದೊಂದು ಡೇರೆ ಒಂದೊಂದು ಫೈಲು ಅನ್ಕೊಳ್ಳಿ. ನಿಮ್ಮ ಕುಟುಂಬದ ಡೇರೆಗಳೆಲ್ಲ ಒಂದೇ ಇಳಿಜಾರಲ್ಲಿ ಹಾಕಿರ್ತೀರಿ, ಆ ಇಳಿಜಾರಿಗೊಂದು ಹೆಸ್ರಿರುತ್ತೆ, ಅದು ಫೋಲ್ಡರು. ಕೆಳಗೆ ಒಬ್ಬ ಸಾಹೇಬ ಪುಸ್ತಕ ಇಟ್ಕೊಂಡು ಕೂತಿರ್ತಾನೆ. ಯಾರ ಡೇರೆ ಎಲ್ಲಿದೆ ಅಂತ ಬರ್ಕೊಂಡಿರ್ತಾನೆ. ಅವನು ಬೆಟ್ಟ ಹತ್ತಿ ನೋಡೋನಲ್ಲ. ಪುಸ್ತಕ ನೋಡೋನು. ಈಗ ಡಿಲೀಟ್ ಅಂತಾರಲ್ಲ, ಅಳಿಸೋದು, ಅದರಲ್ಲಿ ಡೇರೆ ಕಿತ್ತು ಹಾಕಲ್ಲ ಎಜೆ. ಪುಸ್ತಕದಲ್ಲಿ ಹೆಸ್ರಿಗೆ ಅಡ್ಡಗೆರೆ ಎಳೀತಾರೆ, ಅಷ್ಟೇ. ಮೇಲೆ ಡೇರೆ ಹಂಗೇ ನಿಂತಿರುತ್ತೆ. ಒಲೆ ಹೊಗೆ ಬರ್ತಿರುತ್ತೆ, ನಾಯಿ ಬೊಗಳ್ತಿರುತ್ತೆ. ಸಾಹೇಬನ ಪ್ರಕಾರ ಮಾತ್ರ ಜಾಗ ಖಾಲಿ.

ಅದಕ್ಕೇ ಹೇಳಿದ್ದು, ಕಳೆದಿಲ್ಲ, ಕಾಣ್ತಿಲ್ಲ. ಈಗ ನಾನು ಹಾಕಿರೋ ಪ್ರೋಗ್ರಾಮು ಇದೆಯಲ್ಲ, ಅದು ಪುಸ್ತಕ ಮುಚ್ಚಿಟ್ಟು ಬೆಟ್ಟ ಹತ್ತಿ ಹೋಗಿದೆ. ಎಲ್ಲಿ ಹೊಗೆ ಕಾಣುತ್ತೆ ಅಂತ ನೋಡ್ತಾ ನಡೀತಿದೆ. ಹೊಗೆ ಕಂಡ್ರೆ ಸಾಕು, ಎಳ್ಕೊಂಡು ಬರುತ್ತೆ.

ಆ ಜಾಗಕ್ಕೆ ಬೇರೆಯವ್ರು ಬಂದು ಡೇರೆ ಹಾಕಿದ್ರೆ ಅಂತೀರಾ?

...ಹಾಕಿದ್ರೆ, ಅದು ಬೇರೆ ವಿಷ್ಯ. ಸಾಹೇಬ ಖಾಲಿ ಅಂತ ಬೇರೆಯವ್ರಿಗೆ ಬರ್ಕೊಟ್ಟು, ಅವ್ರು ಬಂದು ನಿಮ್ಮ ಡೇರೆ ಮೇಲೇ ತಮ್ಮದು ಹೂಡಿದ್ರೆ, ಆಗ ನಿಮ್ಮದು ಅಡೀಲಿ ಸಿಕ್ಕೊಳ್ಳುತ್ತೆ. ಅಡೀಲಿ ಅಂದ್ರೆ, ಇರೋದೇ ಇಲ್ಲ. ಆ ಕುರಿಗಳ ಬಣ್ಣವೇ ಬದಲಾಗಿರುತ್ತೆ. ಯಾವ ಪ್ರೋಗ್ರಾಮು ಬಂದ್ರೂ... ಆದ್ರೆ ನಿಮ್ಮ ಬೆಟ್ಟಕ್ಕೆ ಯಾರು ಬರ್ತಾರೆ? ಯಾರ್ರೀ ಬರ್ತಾರೆ? ಚಹಾ ಕುಡೀರಿ, ಆರ್ತಿದೆ.

ಇದೊಂದು ಫೋನು. ಆಫ್ ಮಾಡಿಡ್ತೀನಿ ತಡೀರಿ.

ಪುಸ್ತಕದಲ್ಲಿ ಗೆರೆ ಎಳೆದೋರು ಯಾರು ಅಂತ ಕೇಳ್ತಿದೀರಾ. ನೀವು ನಿಧಾನಕ್ಕೆ ಕೇಳಿದ್ರೆ ನಂಗೆ ಭಯ ಆಗುತ್ತೆ ಎಜೆ, ಸ್ವಲ್ಪ ಜೋರಾಗೇ ಕೇಳಿ.

ಸರಿ. ನಾನೇ. ನಾನೇ ಎಳೆದೆ. ಹೇಳೋದು ಬೇಡ ಅಂತಿದ್ದೆ, ಸುಮ್ನೆ ಯಾಕೆ ನಿಮಗೆ ತಲೆಬಿಸಿ ಅಂತ. ಆದ್ರೆ ತಪ್ಪು ನಂದೊಂದೇ ಅಲ್ಲ, ಅದೂ ಕೇಳಿ. ನೀವು ಕ್ಲೀನ್ ಮಾಡು ಅಂದ್ರಿ. ನಾನು ಕ್ಲೀನ್ ಮಾಡೋಕೆ ಕೂತೆ. ಡಿಸ್ಕ್ ತೆರೆದ್ರೆ ಅಲ್ಲಿ ದೊಡ್ಡದಾಗಿ ಒಂದು ಫೋಲ್ಡರು. ಹೆಸ್ರೇನು? ತಿಪ್ಪೆ. ತಿಪ್ಪೆ ಅಂತ ಬರೆದಿದೆ ಎಜೆ. ಕಸದ ರಾಶಿ. ನೀವೇ ಹೇಳಿ, ಒಬ್ಬ ರಿಪೇರಿಯೋನಿಗೆ ಮನೆ ಗುಡಿಸು ಅಂತ ಪೊರಕೆ ಕೊಟ್ಟು, ಮೂಲೇಲಿ ತಿಪ್ಪೆ ಅಂತ ಬೋರ್ಡ್ ಹಾಕಿಟ್ರೆ ಅವನೇನು ಮಾಡ್ಬೇಕು? ಎತ್ತಿ ಎಸೀಬೇಕು. ಎಸೆದೆ. ಮೊದ್ಲು ಕಸದಬುಟ್ಟಿಗೆ, ಅಂದ್ರೆ ಕಂಪ್ಯೂಟರ್ ಒಳಗೇ ಒಂದು ಬುಟ್ಟಿ ಇರುತ್ತೆ, ಮನಸ್ಸು ಬದಲಾದ್ರೆ ವಾಪಸ್ ತಗೋಬಹುದು. ಆಮೇಲೆ ಬುಟ್ಟಿನೂ ಖಾಲಿ ಮಾಡ್ದೆ. ಅದು ನಮ್ಮ ಕೈ ಅಭ್ಯಾಸ.

ಆ ಟೀಚರಮ್ಮ ಫೋನಿಂದ ಕಂಪ್ಯೂಟರಿಗೆ ಹಾಕ್ಕೊಡೋವಾಗ 'ಮಗು' ಅಂತ ಬರೀಬಾರ್ದಿತ್ತಾ? ನೀವೇ ಹಂಗೆ ಬರೆಸಿದ್ದಾ?

ಕಣ್ಣು ಬೀಳುತ್ತೆ ಅಂತ. ಹೂಂ. ಹೂಂ, ಗೊತ್ತು, ನಾಸಿಪ್‌ಗೆ ಮುಂಚೆ ಹುಟ್ಟಿದ ಎರಡೂ ಕೈಗೆ ಬರ್ಲಿಲ್ಲ. ಇದೊಂದು ಉಳೀತು. ಅದಕ್ಕೇ ಇದಕ್ಕೆ ಕುಚುಕ್, ನಾಯಿಮರಿ. ಅದ್ರ ವೀಡಿಯೋಗೆ ತಿಪ್ಪೆ. ಸರಿ. ಆದ್ರೆ ಅವಳಿಗೆ ಫೋನಲ್ಲಾದ್ರೂ ಕಳಿಸ್ಬಹುದಿತ್ತಲ್ಲ, ಎಲ್ಲಾರೂ ದಿನಾ ಕಳಿಸ್ತಾರೆ...

ಮಾಸ್ಕೋದಲ್ಲಿ ಹನ್ನೆರಡು ಹೆಂಗಸರು ಒಂದೇ ರೂಮಲ್ಲಾ? ಒಂದು ಫೋನಿಗೆ ಹನ್ನೆರಡು ಮುಖ. ಅದ್ರಲ್ಲಿ ಯಾರಿಗೆ ಮಕ್ಕಳಾಗಿಲ್ವೋ, ಯಾರ ಹೊಟ್ಟೆ ಉರಿಯುತ್ತೋ ಅಂತ. ಅದಕ್ಕೇ ನೀವು ಒಂದೂ ಕಳಿಸ್ಲಿಲ್ಲ. ಅವಳೂ ಕೇಳ್ಲಿಲ್ಲ. ಎರಡೂವರೆ ವರ್ಷ ಬರೀ ದನಿ ಕೇಳ್ಕೊಂಡು ಇದ್ಲಾ? ಮಗು ಮುಖ ನೋಡ್ದೆ?

...ಅವಳು ಗಟ್ಟಿ ಹೆಂಗಸು.

ಅಂದ್ರೆ ಬೇರೆ ಕಡೆ ಎಲ್ಲೂ ಇಲ್ಲ. ಫೋನಲ್ಲಿದ್ದಿದ್ದನ್ನ ಜಾಗ ಆಗ್ಲಿ ಅಂತ ಆಗಾಗ ತೆಗೆದು ಹಾಕಿದೀರಿ. ಒಂದೇ ಪ್ರತಿ. ಕಾಲೇಜಲ್ಲಿ ನಂಗೆ ತಲೆಗೆ ಹೋಗಿದ್ದು ಒಂದೇ ಪಾಠ, ಅದು ಇದೇ: ಒಂದು ಪ್ರತಿ ಇದೆ ಅಂದ್ರೆ ಒಂದೂ ಇಲ್ಲ ಅಂತ ಲೆಕ್ಕ. ಎರಡಿದ್ರೆ ಒಂದಿದೆ ಅಂತ ಲೆಕ್ಕ. ಬ್ಯಾಕಪ್ ಅಂತಾರೆ ಅದಕ್ಕೆ. ಬೀಗದ ಕೈ ಇನ್ನೊಂದು ಮಾಡ್ಸಿ ಪಕ್ಕದ ಮನೇಲಿ ಕೊಟ್ಟಿಡ್ತೀವಲ್ಲ, ಹಂಗೆ. ನೀವು ಮಾಡ್ಬೇಕಿತ್ತು ಅಂತ ಬೈತಿಲ್ಲ. ಬೈಯೋಕೆ ನಾನ್ಯಾರು.

ಆದ್ರೆ ಒಂದು ಮಾತ್ರ ನಿಜ ಎಜೆ. ನಾನು ಹೆಸ್ರು ಓದ್ದೆ, ಅಳಿಸ್ದೆ. ತೆರೆದು ನೋಡೇ ಇಲ್ಲ. ಒಳಗೆ ಏನಿದೆ ಅಂತ ನಂಗೊಂಚೂರೂ ಗೊತ್ತಿರ್ಲಿಲ್ಲ. ಬೇಕಾದ್ರೆ ರೊಟ್ಟಿ ಮೇಲೆ ಕೈ ಇಟ್ಟು ಆಣೆ ಮಾಡ್ತೀನಿ.

ಬೇಜಾರು ಮಾಡ್ಕೋಬೇಡಿ. ಹೋಗ್ಲಿ ಅಂತ ಅಲ್ಲ... ಅಂದ್ರೆ, ಒಂದು ಮಾತು ಹೇಳ್ಲಾ, ವೀಡಿಯೋ ಸಿಗ್ದೇ ಇದ್ರೂನೂ ಮಗು ಇದೆಯಲ್ಲ. ನಡೀತಿದೆ, ಓಡ್ತಿದೆ. ನಾಸಿಪ್ ಮುಂದೆ ನೀವೇ ಕೂತು ಎಲ್ಲ ಹೇಳ್ಬಹುದು. ನಿಮ್ಮ ಬಾಯಲ್ಲೇ ಚೆನ್ನಾಗಿರುತ್ತೆ. ಮೊದಲ ಹೆಜ್ಜೆ ದಿನ ಹೆಂಗಿತ್ತು, ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ ನಿಲ್ಸಿದ್ದು, ಓಣಿ ಮಕ್ಕಳೆಲ್ಲ ಓಟದ ಪಂದ್ಯ ಓಡಿದ್ದು, ಜಡೆ ಬಿಚ್ಚಿ ಹೋದ ಹುಡುಗಿ ಗೆದ್ದು ಬಂದು ಆ ದಾರ ಕತ್ತರಿಸೋಕೆ ಚಾಕು ತಗೊಂಡಿದ್ದು... ಆ ಚಾಕು ಮೊಂಡು, ಎಷ್ಟು ಉಜ್ಜಿದ್ರೂ ದಾರ ಹರೀಲಿಲ್ಲ, ನೀವು ತಡೀಲಾರ್ದೆ ಬಗ್ಗಿ ಹಲ್ಲಲ್ಲೇ ಕಚ್ಚಿ ಹರಿದು, ಬಾಯಲ್ಲಿ ದಾರ ಇಟ್ಕೊಂಡೇ ನಡಿ ನಾಯಿಮರೀ ನಡಿ ಅಂತ... ಅದನ್ನ ಹೇಳಿದ್ರೆ ನಾಸಿಪ್ ಬಿದ್ದು ಬಿದ್ದು ನಗ್ತಾಳೆ. ನಾನೇ ಎಷ್ಟು ನ...

ಎಜೆ?

ಯಾಕೆ ಬಟ್ಟಲು ಕೆಳಗಿಟ್ರಿ? ಇನ್ನೊಂಚೂರು ಹಾಕ್ಲಾ?

ಊರಲ್ಲಿ ಯಾರೋ ಹೇಳಿದ್ರು ಅದನ್ನ. ದಾರ ಕಚ್ಚಿದ್ದು. ಯಾರು ಅಂದ್ರೆ... ಮಾಂಸದಂಗಡಿಯೋನು ಇರ್ಬೇಕು. ಅಲ್ಲಿದ್ನಲ್ಲ ಅವನು? ಇರ್ಲಿಲ್ವಾ. ಹೊರಗಿನವ್ರು ಯಾರೂ ಇರ್ಲಿಲ್ವಾ. ಮನೆಯವ್ರು, ಓಣಿ ಮಕ್ಕಳು ಅಷ್ಟೇ. ಹಂಗಾದ್ರೆ ಮಕ್ಕಳೇ ಹೇಳಿರ್ಬೇಕು. ಮಕ್ಕಳ ಬಾಯಿ...

ಬೆಳಿಗ್ಗೆಯಿಂದ ನೂರು ಪ್ರಶ್ನೆ ಕೇಳಿದ್ರಿ, ಇನ್ನೊಂದು ಕೇಳಿ. ರ‍್ಯಾಮ್ ಅಂದ್ರೇನು ಅಂತ ಮತ್ತೆ ಕೇಳಿ, ಮತ್ತೆ ಹೇಳ್ತೀನಿ. ಪೆನ್‌ಡ್ರೈವ್ ಬಗ್ಗೆ ಹೇಳೇ ಇಲ್ಲ ನಾನು. ಪೆನ್‌ಡ್ರೈವ್ ಅಂದ್ರೆ ಜೇಬಲ್ಲಿ ಇಟ್ಕೊಳ್ಳೋ ಚಿಕ್ಕ ಪೆಟ್ಟಿಗೆ, ಅದೂ ಕರೆಂಟ್ ಇಲ್ದೆ ಇದ್ರೂ...

ಚೀಲದಲ್ಲಿ ಏನು ಹುಡುಕ್ತಿದೀರಾ?

ಬೇಡ ಎಜೆ. ಬೇಡ, ರೊಟ್ಟಿ ಒಳಗಿಡಿ. ಅದು ನಾಸಿಪ್‌ಗೆ ತಗೊಂಡಿದ್ದಲ್ವಾ, ಇನ್ನೂ ಬಿಸಿ ಇದೆ. ಇಲ್ಲಿ ಈ ಕೀಬೋರ್ಡ್ ಪಕ್ಕ ಇಟ್ರೆ ಧೂಳಾಗುತ್ತೆ... ನಾನು ಸುಮ್ನೆ ಮಾತಿಗೆ ಅಂದಿದ್ದು. ಎಲ್ಲಾರೂ ಅಂತಾರೆ, ರೊಟ್ಟಿ ಮೇಲೆ ಕೈ ಇಡ್ತೀನಿ ಅಂತ. ನಿಜವಾಗ್ಲೂ ತಂದು ಯಾರೂ ಮುಂದಿಡಲ್ಲ.

ನನ್ನ ಕೈ ನೋಡಿ, ಗ್ರೀಸು. ಗ್ರೀಸ್ ಕೈಯಲ್ಲಿ ರೊಟ್ಟಿ ಮುಟ್ಟಬಾರ್ದು.

ಎಜೆ.

ಸರಿ.

ಹೊರಗೆ ಬೋರ್ಡಲ್ಲಿ ತಿಮುರ್ ಕಂಪ್ಯೂಟರ್ ರಿಪೇರಿ ಅಂತಿದೆ. ಈ ಬಜಾರಲ್ಲಿ ನನ್ನ ಹೆಸ್ರು ತಿಮುರ್ ಅಲ್ಲ ಅಂತ ಗೊತ್ತಿರೋದು ನಿಮಗೊಬ್ರಿಗೆ. ನೀವು ಯಾವತ್ತೂ ಯಾರ ಮುಂದೇನೂ ಹೇಳ್ಲಿಲ್ಲ, ಈಗ್ಲೂ ಹೇಳ್ತಿಲ್ಲ. ತೆಜೆಕ್‌ಬಾಯ್. ಸಗಣಿರಾಯ. ನಂಗಿಂತ ಮುಂಚೆ ಹುಟ್ಟಿದ ಮೂರೂ ಹೋದ್ವು ಅಂತ ನಮ್ಮಜ್ಜಿ ಇಟ್ಟ ಹೆಸ್ರು, ಸಾವು ಬಂದು ಮೂಸಿ ಮೂಗು ಮುಚ್ಕೊಂಡು ವಾಪಸ್ ಹೋಗ್ಲಿ ಅಂತ. ನೀವೂ ಇದ್ರಂತೆ ಅವತ್ತು. ಕಾಲೇಜಲ್ಲಿ ಹಾಜರಿ ಕರೆದ್ರೆ ಇಡೀ ಕ್ಲಾಸು ಮೂಗು ಹಿಡ್ಕೊಳ್ತಿತ್ತು, ಅದಕ್ಕೇ ಬಿಟ್ಟೆ, ಪಾಠ ಅರ್ಥ ಆಗ್ಲಿಲ್ಲ ಅಂತಲ್ಲ. ಅಂಥ ಸಗಣಿರಾಯ, ತಿಪ್ಪೆ ಅಂತ ಬರೆದಿದ್ದನ್ನ ನೋಡಿ ಕಸ ಅನ್ಕೊಂಡೆ ಅಂದ್ರೆ ನೀವು ಹೆಂಗೆ ನಂಬ್ತೀರಿ.

ನಿಜವಾದ ಕಸಕ್ಕೆ ಯಾರೂ ತಿಪ್ಪೆ ಅಂತ ಹೆಸ್ರಿಡಲ್ಲ ಎಜೆ. ದಿನಾ ನೋಡ್ತೀನಿ. ಕಸದ ಹೆಸ್ರು 'ಹೊಸ ಫೋಲ್ಡರ್ ಮೂರು', 'ಮುಖ್ಯ', 'ತುಂಬಾ ಮುಖ್ಯ'. ತಿಪ್ಪೆ ಅಂತ ಓದಿದ್ ತಕ್ಷಣ ಗೊತ್ತಾಯ್ತು, ಈ ಮನೇಲಿರೋದ್ರಲ್ಲೆಲ್ಲ ಬೆಲೆ ಬಾಳೋದು ಇದೇ ಅಂತ. ಅದಕ್ಕೇ ತೆರೆದೆ.

ಭಾನುವಾರ ಪೂರ್ತಿ ಕೂತು ನೋಡ್ದೆ. ಅರವತ್ತೊಂದೂ. ಶಟರ್ ಅರ್ಧ ಎಳ್ಕೊಂಡು. ಮೊದಲ ಹಲ್ಲು. ಕೂದಲು ತೆಗೆಸಿದ್ದು, ಅವಳು ಅತ್ತಿದ್ದು. ಅಪ್ಪನ ಫೋಟೋಗೆ ಗಂಜಿ ತಿನ್ನಿಸಿದ್ದು. ಅಮ್ಮಾ ಅಂತ ಮೊದಲು ಅಂದಿದ್ದು ನಿಮಗೆ, ನೀವು ಅಲ್ಲ ಅಲ್ಲ ನಾನಲ್ಲ ಅಂತ ಫೋನ್ ಕಡೆ ಬೆರಳು ತೋರಿಸಿದ್ರಿ, ಅಮ್ಮ ಅಲ್ಲಿದಾಳೆ ಅಂತ. ನನ್ನ ಬಗ್ಗೆ ಯಾರೂ ಏನೂ ತೆಗೆದಿಟ್ಟಿಲ್ಲ, ಹಂಗಾಗಿ ಮಕ್ಕಳು ಹಿಂಗೆಲ್ಲ ಬೆಳೀತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಸೋಮವಾರ ಶಾರ್ಶೆನ್ ಬಂದ. ಮದುವೆ ವೀಡಿಯೋ ತೆಗೀತಾನಲ್ಲ, ಅವನು. ಬೆಳಿಗ್ಗೆಯಿಂದ ಫೋನ್ ಮಾಡ್ತಿರೋದೂ ಅವನೇ. ನನ್ನ ಕ್ಯಾಮೆರಾ ತುಂಬಿದೆ, ಎರಡು ದಿನಕ್ಕೆ ಈ ಮದುವೆ ಎಲ್ಲಾದ್ರೂ ಇಟ್ಕೋ ಅಂದ. ನನ್ನ ಡಿಸ್ಕು ಕರಕರ ಅಂತಿತ್ತು, ನಂಬೋ ಹಾಗಿರ್ಲಿಲ್ಲ. ನಿಮ್ಮದು ಗಟ್ಟಿಯಾಗಿತ್ತು. ಜಾಗ ಸಾಲ್ಲಿಲ್ಲ. ನಿಮ್ಮ ಫೋಲ್ಡರ್ ತೆಗೆದ್ರೆ ಸರಿಹೋಗುತ್ತೆ. ಮನೇಲಿ ನನ್ನ ಹತ್ರ ಇನ್ನೊಂದು ಖಾಲಿ ಡಿಸ್ಕ್ ಇದೆ, ಮೊದ್ಲು ಅದ್ರಲ್ಲಿ ನಿಮ್ಮದನ್ನ ಕಾಪಿ ಮಾಡಿಟ್ಟು ಆಮೇಲೆ ತೆಗೀಬೇಕು. ಮನೆ ಎಷ್ಟು ದೂರ? ಸೇತುವೆ ದಾಟಿದ್ರೆ ಮನೆ. ಹತ್ತು ನಿಮಿಷ. ಶಾರ್ಶೆನ್ ಬಾಗಿಲಲ್ಲಿ ನಿಂತು ಬೇಗ ಬೇಗ ಅಂತಿದ್ದ, ಹೊರಗೆ ಚಳಿ ಇತ್ತು. ನಂಗನ್ನಿಸ್ತು, ಇಂಥದನ್ನ ಯಾರಾದ್ರೂ ಒಂದೇ ಕಡೆ ಇಡ್ತಾರಾ, ತಾಯಿ ಫೋನಲ್ಲಿ ಎಲ್ಲ ಇದ್ದೇ ಇರುತ್ತೆ. ಅನ್ನಿಸ್ಲಿಲ್ಲ, ಅನ್ನಿಸ್ಕೊಂಡೆ. ಹತ್ತು ನಿಮಿಷ ನಡೆಯೋಕೆ ಬೇಜಾರಾಗಿ ಹಂಗನ್ನಿಸ್ಕೊಂಡೆ. ಒತ್ತಿದೆ. ನಿಜವಾಗ್ಲೂ ಅಳಿಸ್ಬೇಕಾ ಅಂತ ಕಂಪ್ಯೂಟರ್ ಕೇಳ್ತು. ಹೌದು ಅಂದೆ, ಆ ಜಾಗಕ್ಕೆ ಮದುವೆ ತುಂಬಿಸ್ದೆ.

ಈ ಪ್ರೋಗ್ರಾಮ್ ಮುಗಿದು ಮೂರು ದಿನ ಆಯ್ತು. ಬೆಳಿಗ್ಗೆಯಿಂದ ಓಡ್ತಿದೆ, ಓಡ್ತಿದೆ ಅಂದಿದ್ದು ಏನೂ ಓಡ್ತಿಲ್ಲ. ಇಗೋ ತಿರುಗಿಸ್ತೀನಿ, ನೋಡಿ. ವೈರಿಗೇನೂ ಆಗಿಲ್ಲ. ಹೆಸ್ರುಗಳು ಬಂದಿವೆ. ಅರವತ್ತೊಂದೂ ಹೆಸ್ರು. ಇದು 'ಮೊದಲ ಹೆಜ್ಜೆ', ಟೀಚರಮ್ಮ ಬರೆದಿದ್ದು. ತೆರೆದ್ರೆ... ನೋಡಿ. ಯಾರೋ ಮದುಮಗಳು. ಅವಳ ಮಾವ ಕುಣೀತಿದಾನೆ. ಇದು 'ಹಲ್ಲು'. ಇದ್ರಲ್ಲೂ ಅವರೇ, ಊಟಕ್ಕೆ ಕೂತಿದಾರೆ. ಇದು ತೆರೆಯೋದೇ ಇಲ್ಲ. ಎಲ್ಲಾ ನೋಡಿದೀನಿ ಎಜೆ, ಮೂರು ದಿನ ಒಂದೊಂದೂ ತೆರೆದು ನೋಡಿದೀನಿ. ಎಲ್ಲಾದ್ರೂ ಮೂಲೇಲಿ ಅವಳ ಒಂದು ಕೈಯಾದ್ರೂ ಸಿಗುತ್ತಾ ಅಂತ.

ಇಲ್ಲ.

ಕಂಪ್ಯೂಟರ್ ಏನೂ ಮರೀಲಿಲ್ಲ. ಹೆಸ್ರು ಮೋಸ ಮಾಡ್ಲಿಲ್ಲ. ನೋಡಿ, ತಿಳ್ಕೊಂಡು, ನಾನೇ ಅಳಿಸ್ದೆ.

ಹೊಡೀರಿ. ಬೈಯೋದಾದ್ರೂ ಬೈರಿ. ನಿಮ್ಮ ಸೊಸೆ ಮುಂದೆ ಏನು ಹೇಳ್ತೀರಿ ಅಂತ... ಆ ಹುಡುಗ ಹಾಳು ಮಾಡ್ದ ಅನ್ನಿ. ತಿಮುರ್ ಅನ್ನಬೇಡಿ, ನನ್ನ ಪೂರ್ತಿ ಹೆಸ್ರೇ ಹೇಳಿ.

ಎಲ್ಲಿಗೆ? ಇನ್ನೂ ಮೂರೂವರೆ. ಕಂಪ್ಯೂಟರ್ ಬೇಡ್ವಾ? ರೊಟ್ಟಿ, ರೊಟ್ಟಿ ಇಲ್ಲೇ ಬಿಟ್ರಿ.

ಬಾಗಿಲು ಯಾಕೆ ಹಂಗೇ ಹಿಡ್ಕೊಂಡು ನಿಂತಿದೀರಾ ಎಜೆ, ಗಾಳಿ ಬರ್ತಿದೆ. ಹೋಗೋದಿದ್ರೆ...

ನಾನಾ?

ನಾನ್ ಬಂದು ಏನು ಹೇಳ್ಲಿ ಅವಳಿಗೆ? ವ್ಯಾನ್ ಇಳಿದಿರ್ತಾಳೆ, ಕೈಯಲ್ಲಿ ಸಾಮಾನು... ನೀವು ಹೇಳಿದ್ರೆ ಒಂಥರ, ನಾನು ಹೇಳಿದ್ರೆ...

ಅರವತ್ತೊಂದೂನಾ? ನೋಡಿದ್ದನ್ನೆಲ್ಲ ನಾನೇ ಕೂತು ಹೇಳ್ಬೇಕಾ, ಒಂದೂ ಬಿಡ್ದೆ?

ಸರಿ. ಇರಿ, ಬಾಗಿಲು ಬಿಡ್ಬೇಡಿ. ಕೈ ತೊಳ್ಕೊಂಡು ಬಂದೆ.